‘ನಿಯಂತ್ರಣ ತಪ್ಪಿ’ ಎಂದು ಬರೆಯುವ ಮೊದಲು ಒಂದು ಚೊಂಬು ನೀರು ಹೊಯ್ದು ನೋಡಿ

ಕಳೆದ ಮಳೆಗಾಲದಲ್ಲಿ ನಾವು ಕಳಿಸಿದ ಸುದ್ದಿಯೊಂದು ನಾಲ್ಕೇ ಸಾಲಿನದ್ದು. ಶಾಲೆ ಬಿಟ್ಟು ಮನೆಗೆ ಹೊರಟ ಒಂಬತ್ತನೇ ತರಗತಿಯ ಹುಡುಗಿಯ ಸೈಕಲ್ ಇಳಿಜಾರಿನಲ್ಲಿ ‘ನಿಯಂತ್ರಣ ತಪ್ಪಿ’ ಮೋರಿಯ ಕಟ್ಟೆಗೆ ಬಡಿದು ಕೈಮೂಳೆ ಮುರಿದಿತ್ತು. ಡೆಸ್ಕ್‌ನವರು ಅದನ್ನು ಎರಡು ಸಾಲಿಗೆ ಇಳಿಸಿದರು. ಊರಿನ ಹೆಸರು ಹೋಯಿತು, ಮಳೆ ಹೋಯಿತು, ‘ನಿಯಂತ್ರಣ ತಪ್ಪಿ’ ಮಾತ್ರ ಉಳಿಯಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾವು ಬರೆಯುವ ಅಪಘಾತದ ಸುದ್ದಿಗಳಲ್ಲಿ ಈ ಎರಡು ಪದ ತಪ್ಪಿದ್ದೇ ಇಲ್ಲ. ಬರೆಯುವವರಿಗೆ ಸುಲಭ, ಓದುವವರಿಗೂ ಸುಲಭ. ತಪ್ಪು ಯಾರದ್ದೆಂದು ಅಲ್ಲಿಗೇ ತೀರ್ಮಾನವಾಗುತ್ತದೆ. ಸವಾರನದ್ದು.

ವಾರ ಕಳೆದು ಬೇರೆ ಕೆಲಸದ ಮೇಲೆ ಆ ಕಡೆ ಹೋದಾಗ ಹುಡುಗಿಯ ಮನೆ ಹೊಕ್ಕೆವು. ಕೈಗೆ ಪ್ಲಾಸ್ಟರ್. ಜಗಲಿಯಲ್ಲಿ ಒರಗಿಸಿಟ್ಟ ಸೈಕಲ್ ಅವಳದ್ದಲ್ಲ, ಅಕ್ಕ ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಸಿಕ್ಕಿದ್ದು. ಅಕ್ಕ ಈಗ ಡಿಗ್ರಿ ಓದುತ್ತಿದ್ದಾಳೆ. ಅಪ್ಪ ಬೇಸರದಲ್ಲಿ ಹೇಳಿದರು: “ರಬ್ಬರ್ ಜೂನಲ್ಲೇ ಹೊಸ್ತ್ ಹಾಕ್ಸಿದ್ದೆ ಮಾರಾಯ್ರೆ. ಅದ್ ಬ್ರೇಕ್ ಹಿಡಿದೇ ಇದ್ರೆ ಎಂತ ಮಾಡುದ್?” ಅವರ ಮಾತು ನಿಜ. ಬ್ರೇಕ್ ರಬ್ಬರ್ ಹೊಸದೇ ಇತ್ತು, ಅಂಚು ಕೂಡ ಸವೆದಿರಲಿಲ್ಲ. ನಾವು ರಿಮ್ ಮುಟ್ಟಿ ನೋಡಿದೆವು. ಕ್ರೋಮ್ ಹಾಕಿದ ಕಬ್ಬಿಣದ ರಿಮ್, ತುಕ್ಕು ಹಿಡಿಯದ ಕಡೆಯಲ್ಲೆಲ್ಲ ಸ್ಟೀಲ್ ತಟ್ಟೆಯ ಹಾಗೆ ನುಣುಪು. ಒದ್ದೆ ಬೆರಳಿಟ್ಟರೆ ಜಾರುತ್ತಿತ್ತು.

ಇದನ್ನು ಅರ್ಥಮಾಡಿಕೊಳ್ಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಸೈಕಲ್ಲಿನ ಬ್ರೇಕ್ ಎಂದರೆ ರಬ್ಬರ್ ಒಂದೇ ಅಲ್ಲ, ರಬ್ಬರ್ ಮತ್ತು ರಿಮ್ ಎರಡೂ ಸೇರಿ. ಒಣಗಿದ್ದಾಗ ಕ್ರೋಮ್ ರಿಮ್ ಮೇಲೆ ರಬ್ಬರ್ ಚೆನ್ನಾಗಿಯೇ ಹಿಡಿಯುತ್ತದೆ. ಅದೇ ರಿಮ್ ಒದ್ದೆಯಾದರೆ ನಡುವೆ ನೀರಿನ ತೆಳು ಪದರ ನಿಲ್ಲುತ್ತದೆ, ನುಣುಪು ಮೈಯಿಂದ ಅದನ್ನು ಒರೆಸಿ ಹಾಕಲು ರಬ್ಬರಿಗೆ ಆಗುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಗಾರ್ಡನ್ ವಿಲ್ಸನ್ ತಮ್ಮ ‘ಬೈಸಿಕ್ಲಿಂಗ್ ಸೈನ್ಸ್’ ಪುಸ್ತಕದಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ಸಾಮಾನ್ಯ ರಬ್ಬರ್, ಸಾಮಾನ್ಯ ಕಬ್ಬಿಣದ ರಿಮ್, ನೀರು ಬಿದ್ದರೆ ಹಿಡಿತ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಪರೀಕ್ಷೆಗಳು ನಡೆದು 50 ವರ್ಷ ದಾಟಿತು. ಅಲ್ಯೂಮಿನಿಯಂ ರಿಮ್ ಕೂಡ ಒದ್ದೆಯಾದರೆ ಸ್ವಲ್ಪ ಜಾರುತ್ತದೆ, ಆದರೆ ನೀರು ಒರೆಸಿಕೊಂಡು ಬೇಗ ಕಚ್ಚುತ್ತದೆ.

ಲೆಕ್ಕ ನಮ್ಮ ರಸ್ತೆಯಲ್ಲೇ ಹಾಕಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತದೆ. ಇಳಿಜಾರಿನಲ್ಲಿ ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ನೀರು ಒರೆಸಿಕೊಳ್ಳಲು ನಾಲ್ಕು ಸುತ್ತು ಬೇಕಾಯಿತು ಎಂದಿಟ್ಟುಕೊಂಡರೆ, ಬ್ರೇಕ್ ಕೆಲಸ ಶುರು ಮಾಡುವ ಮೊದಲೇ 8 ಮೀಟರ್ ಮುಗಿಯಿತು. ಮೋರಿಯ ಕಟ್ಟೆ ಅಷ್ಟು ದೂರ ಕಾಯುತ್ತಾ ನಿಲ್ಲುವುದಿಲ್ಲ. ವರ್ಷಕ್ಕೆ 4000 ಮಿ.ಮೀ. ದಾಟಿ ಮಳೆ ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ. ಅಂದರೆ ಮಕ್ಕಳಿಗೆ ಬ್ರೇಕ್ ಬೇಕಾದ ದಿನಗಳು ಯಾವುವೋ, ಈ ಬ್ರೇಕ್ ಹಿಡಿಯದ ದಿನಗಳೂ ಅವೇ.

ನಂಬಿಕೆ ಬರದಿದ್ದರೆ ನಾವು ಮಾಡಿದ್ದನ್ನು ಮಾಡಿ ನೋಡಿ. ಪರಿಚಯದ ಪಿ.ಟಿ. ಮಾಸ್ಟ್ರೊಬ್ಬರ ಸಹಾಯದಿಂದ ಶಾಲಾ ಮೈದಾನದ ಕಬಡ್ಡಿ ಅಂಕಣದ ಸುಣ್ಣದ ಗೆರೆಯೇ ನಮ್ಮ ಅಳತೆಯಾಯಿತು. ಅಂಥದೇ ಒಂದು ಸೈಕಲ್, ಗೆರೆ ಮುಟ್ಟಿದ ಕೂಡಲೇ ಎರಡೂ ಬ್ರೇಕ್. ರಿಮ್ ಒಣಗಿದ್ದಾಗ ನಾಲ್ಕೈದು ಹೆಜ್ಜೆಯೊಳಗೆ ನಿಂತಿತು. ಎರಡೂ ರಿಮ್ಮಿಗೆ ಚೊಂಬಿನಲ್ಲಿ ನೀರು ಹೊಯ್ದು ಅದೇ ಹುಡುಗ ಅದೇ ವೇಗದಲ್ಲಿ ಬಂದ. ಅಂಕಣ ಪೂರ್ತಿ ದಾಟಿ ಆಚೆ ಕಾಲೂರಿ ನಿಂತ. ನಿಂತವನು ನಗುತ್ತಾ ಹೇಳಿದ್ದು, “ಮಳೆಗಾಲದಂಗೆ ನಾವು ಕಾಲಂಗೇ ಬ್ರೇಕ್ ಹಾಕುದು ಸರ್.” ಅವನ ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಂತಾಗಿತ್ತು. ಮಕ್ಕಳಿಗೆ ಗೊತ್ತಿರುವ ವಿಷಯ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಂತ ರಬ್ಬರಿನ ಕಡೆ ನೋಡಲೇಬೇಡಿ ಎನ್ನುತ್ತಿಲ್ಲ. ಬ್ರೇಕ್ ಹಿಡಿಯುತ್ತಿಲ್ಲ ಎಂದ ಕೂಡಲೇ ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬದಲಿಸಿ ಕೈತೊಳೆದುಕೊಳ್ಳುವುದು ತಪ್ಪು ಎನ್ನುತ್ತಿದ್ದೇವೆ. ಸಿದ್ದಾಪುರ ರಸ್ತೆಯ ಹಳೇ ಸೈಕಲ್ ಶಾಪಿನವರೊಬ್ಬರು ನಮಗೆ ಒಂದು ಮಧ್ಯಾಹ್ನವಿಡೀ ಇದನ್ನೇ ತೋರಿಸಿಕೊಟ್ಟರು. ಮೊದಲು ಲಿವರ್ ಒತ್ತಿ. ಅದು ಹ್ಯಾಂಡಲಿಗೆ ಬಡಿಯುತ್ತದೆಯೇ? ಹಾಗಾದರೆ ಕೇಬಲ್ ಸಡಿಲ, ಇಲ್ಲವೇ ಕೇಬಲ್ ಒಳಗೆ ತುಕ್ಕು, ರಾಡ್ ಬ್ರೇಕ್ ಆದರೆ ರಾಡ್ ಬಗ್ಗಿದೆ. ರಬ್ಬರ್ ಎಷ್ಟು ಹೊಸದಾದರೂ ಅದು ರಿಮ್ ಮುಟ್ಟುವುದೇ ಇಲ್ಲ. ಲಿವರ್ ಗಟ್ಟಿಯಾಗಿದ್ದೂ ಬ್ರೇಕ್ ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿದ್ದರೆ ಚಕ್ರ ಔಟ್ ಆಗಿದೆ, ಸ್ಪೋಕ್ ಬಿಗಿದು ಬೆಂಡ್ ತೆಗೆಸಬೇಕು. ರಬ್ಬರಿನ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಸಿಲಿಗೆ ಗಟ್ಟಿಯಾಗಿದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಸ್ವಲ್ಪ ದಿನ ಬರುತ್ತದೆ, ಒಳಗೂ ಗಟ್ಟಿಯಾಗಿದ್ದರೆ ಎಸೆಯಬೇಕು. ರಬ್ಬರಿನೊಳಗೆ ನಮ್ಮ ಕೆಂಪುಮಣ್ಣಿನ ಹರಳು ಕಚ್ಚಿಕೊಂಡಿದ್ದರೆ ಪಿನ್ನಿನಲ್ಲಿ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಅದು ರಿಮ್ಮನ್ನೇ ತಿನ್ನುತ್ತದೆ.

ಅವರು ತೋರಿಸಿದ ಇನ್ನೊಂದು ಸಂಗತಿ ನೋಡಿ ನಮಗೆ ಸಿಟ್ಟೇ ಬಂತು. ಕೆಲವು ಬ್ರೇಕ್ ಶೂಗಳ ಲೋಹದ ತೊಟ್ಟಿಲು ಒಂದು ತುದಿ ಮುಚ್ಚಿ ಒಂದು ತುದಿ ತೆರೆದಿರುತ್ತದೆ. ಮುಚ್ಚಿದ ತುದಿ ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಜೋರಾಗಿ ಬ್ರೇಕ್ ಒತ್ತಿದಾಗ ರಬ್ಬರೇ ಜಾರಿ ಹೊರಗೆ ಹಾರುತ್ತದೆ, ಮತ್ತೆ ರಿಮ್ ಮೇಲೆ ಬರೀ ಕಬ್ಬಿಣ. ಅವರಲ್ಲಿಗೆ ರಿಪೇರಿಗೆ ಬಂದು ನಿಂತಿದ್ದ ಸೈಕಲ್ಲುಗಳಲ್ಲೇ ಹೀಗೆ ಉಲ್ಟಾ ಕೂರಿಸಿದ್ದು ಕಂಡಿತು. ಯಾರೋ ಅವಸರದಲ್ಲಿ ನಟ್ ಬಿಗಿದು ಮುಂದಿನದಕ್ಕೆ ಹೋಗಿದ್ದಾರೆ.

ಮನೆಯಲ್ಲಿ ನಾವು ಮಾಡುವ ತಪ್ಪೂ ಇದೆ. ಬ್ರೇಕ್ ಕೀಂ ಕೀಂ ಅಂದರೆ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಬಿಡುತ್ತೇವೆ. ಶಬ್ದ ನಿಲ್ಲುತ್ತದೆ, ಬ್ರೇಕೂ ನಿಲ್ಲುತ್ತದೆ! ಎಣ್ಣೆ ಹೀರಿದ ರಬ್ಬರ್ ಮತ್ತೆ ಉದ್ಧಾರವಾಗುವುದು ಕಷ್ಟ. ಸೀಮೆಎಣ್ಣೆಯಲ್ಲಿ ರಿಮ್ ಒರೆಸುವವರಿದ್ದಾರೆ. ಅದು ಕೊಳೆ ತೆಗೆದು ಜಿಡ್ಡು ಬಿಟ್ಟು ಹೋಗುತ್ತದೆ. ಪಾತ್ರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು.

ಟ್ರಯಲ್ಸ್ ಎಂಬ ಸೈಕಲ್ ಆಟ ಮೊಬೈಲಿನಲ್ಲಿ ಬಹಳ ಜನ ನೋಡಿದ್ದೀರಿ. ಕಾಲು ನೆಲಕ್ಕೆ ತಾಗಿಸದೆ ಬಂಡೆಯಿಂದ ಬಂಡೆಗೆ ಹಾರುವುದು, ಹಿಂದಿನ ಚಕ್ರದ ಮೇಲೇ ನಿಲ್ಲುವುದು. ಕುಂದಾಪುರದ ಹುಡುಗರು ಶಾಸ್ತ್ರಿ ಸರ್ಕಲ್ ಆಸುಪಾಸಿನಲ್ಲಿ ಅದರ ಅರ್ಧಂಬರ್ಧ ಅನುಕರಣೆ ಮಾಡುವುದೂ ಉಂಟು. ಆ ಆಟಗಾರರಲ್ಲಿ ಎಷ್ಟೋ ಜನ ಇವತ್ತಿಗೂ ರಿಮ್ ಬ್ರೇಕನ್ನೇ ನಂಬುತ್ತಾರೆ. ಒಂದು ಬೆರಳಲ್ಲಿ ಒತ್ತಿದರೆ ಚಕ್ರ ಕಲ್ಲಾಗಬೇಕು. ಹಿಡಿತ ಕಡಿಮೆಯಾದರೆ ಅವರು ಮೊದಲು ನೋಡುವ ಜಾಗಗಳಲ್ಲಿ ರಿಮ್ ಒಂದು. ಅಲ್ಯೂಮಿನಿಯಂ ರಿಮ್ಮಿಗೆ ಗ್ರೈಂಡರ್ ಹಿಡಿದು ಮೈಯನ್ನು ಒರಟು ಮಾಡುತ್ತಾರೆ, ಸವೆದು ನುಣುಪಾದರೆ ಮತ್ತೆ ಹಿಡಿಯುತ್ತಾರೆ. ಡಾಂಬರಿನ ತುಂಡು ತಿಕ್ಕುವವರೂ ಇದ್ದಾರೆ. ಶಾಲೆ ಸೈಕಲ್ಲಿಗೆ ಹಾಗೆ ಮಾಡಬೇಡಿ. ಕ್ರೋಮ್ ಕಿತ್ತರೆ ಮರವಂತೆಯ ಉಪ್ಪುಗಾಳಿಗೆ ರಿಮ್ ತುಕ್ಕು ಹಿಡಿದು ಹೋಗುತ್ತದೆ. ಆದರೆ ಬಂಡೆ ಹಾರುವವನಿಗೆ ಗೊತ್ತಿರುವ ಪಾಠ, ಮಕ್ಕಳಿಗೆ ಲಕ್ಷಗಟ್ಟಲೆ ಸೈಕಲ್ ಕೊಂಡು ಹಂಚಿದವರಿಗೆ ಯಾಕೆ ಬೇಡವಾಯಿತು?

ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹೊಂದಿದ್ದ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಕೊರೊನಾ ಬಂದ ಮೇಲೆ ನಿಂತುಹೋಯಿತು. ನಾವು ಈ ಯೋಜನೆಯ ವಿರೋಧಿಗಳಲ್ಲ. ಅದೇ 2006ರಲ್ಲಿ ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆ ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದರೆಂದು ತೋರಿಸಿದ್ದಾರೆ. ಅಮಾಸೆಬೈಲು, ಹೊಸಂಗಡಿ ಕಡೆ ಬಸ್ಸಿನಿಂದ ಇಳಿದು ಕಾಡುದಾರಿಯಲ್ಲಿ ನಡೆಯುವ ಮಕ್ಕಳಿಗೆ ಸೈಕಲ್ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ತಕರಾರು ಇಷ್ಟೇ: ಬೀದರ್‌ನ ಬಯಲಿಗೆ ಯಾವ ರಿಮ್ಮೋ ಬೈಂದೂರಿನ ಮಳೆಗೂ ಅದೇ ರಿಮ್. ಸೈಕಲ್ಲಿನ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 4210ರಲ್ಲಿ ಚಕ್ರಕ್ಕೆ ನೀರು ಚಿಮುಕಿಸಿ ಬ್ರೇಕ್ ಪರೀಕ್ಷಿಸುವ ಕ್ರಮವೇ ಇದೆ. ಕರಾವಳಿಗೆ ಬರುವ ಸೈಕಲ್ಲಿಗಾದರೂ ಟೆಂಡರಿನಲ್ಲಿ ಅಲ್ಯೂಮಿನಿಯಂ ರಿಮ್ ಎಂದು ಒಂದು ಸಾಲು ಬರೆಯಲು ಏನು ಕಷ್ಟ?

ಸೈಕಲ್ ವಿತರಣೆಯ ಫೋಟೊ ಎಷ್ಟು ಕಳಿಸಿದ್ದೇವೆ ಎಂದು ನಮ್ಮ ಹಳೇ ಮೇಲ್ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಗಣ್ಯರು ಹ್ಯಾಂಡಲ್ ಹಿಡಿದಿದ್ದಾರೆ, ಮಕ್ಕಳು ಸಾಲಾಗಿ ನಿಂತಿದ್ದಾರೆ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ವೇದಿಕೆಯಲ್ಲಿದ್ದ ಎಲ್ಲರ ಹೆಸರನ್ನೂ ಇನಿಶಿಯಲ್ ತಪ್ಪದಂತೆ ಬರೆದೆವು. ಬ್ರೇಕ್ ಒತ್ತಿ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. 2016ರ ಜೂನ್‌ನಲ್ಲಿ ತ್ರಾಸಿ ಬಳಿ ಶಾಲಾ ವ್ಯಾನಿಗೆ ಬಸ್ಸು ಬಡಿದು ಎಂಟು ಮಕ್ಕಳು ತೀರಿಕೊಂಡಾಗ ಶಾಲಾ ವಾಹನಗಳ ಬಗ್ಗೆ ಪುಟಗಟ್ಟಲೆ ಬರೆದೆವು. ಸರಿಯೇ. ಸೈಕಲ್ಲಿನ ಮಗು ಒಂದೊಂದಾಗಿ ಬೀಳುತ್ತದೆ, ಕೈ ಮುರಿಯುತ್ತದೆ, ಹಲ್ಲು ಹೋಗುತ್ತದೆ. ಅದು ಎರಡು ಸಾಲು.

“ನಾವೂ ಅದೇ ಸೈಕಲ್ ಹೊಡೆದು ಬೆಳೆದವರಲ್ಲವಾ” ಎನ್ನುವ ಹಿರಿಯರಿದ್ದಾರೆ. ಹೌದು, ಆಗ ಊರಿನ ಇಳಿಜಾರು ಕೆಸರಾಗಿತ್ತು, ಸೈಕಲ್ ತಾನಾಗಿಯೇ ನಿಧಾನವಾಗುತ್ತಿತ್ತು. ಈಗ ಮನೆಬಾಗಿಲವರೆಗೆ ಕಾಂಕ್ರೀಟ್, ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಕೆಳಗಿಳಿದರೆ ಹೆಮ್ಮಾಡಿಯಲ್ಲೋ ಕೋಟದಲ್ಲೋ ಚತುಷ್ಪಥ ಹೆದ್ದಾರಿ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು. ಆ ಹುಡುಗಿಯ ಮುಂದೆ ಇದ್ದದ್ದು ಮೋರಿಕಟ್ಟೆ. ಇಪ್ಪತ್ತು ಮಾರು ಮುಂದೆ ಹೆದ್ದಾರಿ ಇತ್ತು.

ಸೈಕಲ್ ಯೋಜನೆ ಮತ್ತೆ ಶುರುವಾದರೆ ರಿಮ್ಮಿನ ಮಾತು ಆಗಲೇ ಆಡಬೇಕು. ಅಲ್ಲಿಯವರೆಗೆ ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದ ಹಳೇ ಸೈಕಲ್ಲುಗಳೇ ಓಡುತ್ತವೆ. ಶಾಲೆಗಳು ಜೂನ್ ಮೊದಲ ಶನಿವಾರ ಅರ್ಧ ದಿನ ಕೊಟ್ಟು ಊರಿನ ಸೈಕಲ್ ಶಾಪಿನವರನ್ನು ಕರೆಸಲಿ, ಅವರ ಕೂಲಿಯನ್ನು ಎಸ್‌ಡಿಎಂಸಿ ಕೊಡಲಿ. ಲಿವರ್, ಕೇಬಲ್, ರಬ್ಬರ್, ಚಕ್ರ ಎಲ್ಲ ನೋಡಿದ ಮೇಲೆ ಕೊನೆಗೆ ರಿಮ್ಮಿಗೆ ಒಂದು ಚೊಂಬು ನೀರು ಹೊಯ್ದು ಮೈದಾನದಲ್ಲಿ ಓಡಿಸಲಿ. ಗೆರೆಯಾಚೆ ಬಹಳ ದೂರ ಹೋಗುವ ಸೈಕಲ್ಲಿನ ಮಕ್ಕಳಿಗೆ ಎರಡು ಮಾತು ಹೇಳಿಕೊಡಲಿ: ಮಳೆಯಲ್ಲಿ ಇಳಿಜಾರು ಶುರುವಾಗುವ ಮೊದಲೇ ಬ್ರೇಕನ್ನು ಮೆಲ್ಲಗೆ ತಾಗಿಸಿಕೊಂಡು ರಿಮ್ ಒರೆಸಿಕೊಳ್ಳಿ, ಕಡಿದಾದ ಕಡೆ ನಾಚಿಕೆ ಬಿಟ್ಟು ಇಳಿದು ತಳ್ಳಿಕೊಂಡು ಹೋಗಿ. ಮುಂದಿನ ಬ್ರೇಕ್ ಒತ್ತಿದರೆ ಮುಗ್ಗರಿಸುತ್ತದೆಂಬ ಹೆದರಿಕೆಗೆ ಅದನ್ನು ಬಿಚ್ಚಿಟ್ಟವರಿದ್ದರೆ ವಾಪಸ್ ಹಾಕಿಸಲಿ.

ಇಲ್ಲಿ ಬರೆಯುವ ನಾವು ಹನ್ನೊಂದು ಮಂದಿ ನಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮುಂದಿನ ಮಳೆಗಾಲದಿಂದ ಸೈಕಲ್ ಬಿದ್ದ ಸುದ್ದಿ ಬಂದರೆ ಸೈಕಲ್ ನೋಡದೆ ಕಳಿಸುವುದಿಲ್ಲ. ರಿಮ್ ಯಾವುದು, ರಬ್ಬರ್ ಎಷ್ಟು ಉಳಿದಿದೆ, ಲಿವರ್ ಎಲ್ಲಿಯವರೆಗೆ ಬರುತ್ತದೆ, ಮಳೆ ಇತ್ತೇ, ಇವಿಷ್ಟನ್ನೂ ಬರೆಯುತ್ತೇವೆ. ಡೆಸ್ಕ್‌ನವರು ಕತ್ತರಿಸಿದರೆ ಪೂರ್ತಿ ಸುದ್ದಿ ಇಲ್ಲಿ ಬರುತ್ತದೆ. ಆ ಹುಡುಗಿಯ ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾದವು. ಈಗ ಅವಳು ಶಾಲೆಗೆ ನಡೆದೇ ಹೋಗುತ್ತಾಳೆ, ಹೋಗಿ ಬರಲು ಒಂದೂವರೆ ಗಂಟೆ.