ಮನೆಗಳನ್ನು ಮೀರಿಸಿದ ಯಂತ್ರಗಳು

2015ರಲ್ಲಿ ಐರ್ಲೆಂಡಿನ ಮೀಟರುಗಳು ದಾಖಲಿಸಿದ ವಿದ್ಯುತ್ತಿನಲ್ಲಿ ಡೇಟಾ ಸೆಂಟರ್‌ಗಳ ಪಾಲು ಕೇವಲ ಶೇ. 5. 2023ರಲ್ಲಿ ಅದು ಶೇ. 21ಕ್ಕೇರಿತು. ಅದೇ ವರ್ಷ ನಗರಗಳ ಮನೆಗಳೆಲ್ಲ ಸೇರಿ ಬಳಸಿದ್ದು ಶೇ. 18 ಮಾತ್ರ! ನಗರಗಳಲ್ಲಿ ಮನುಷ್ಯರು ವಾಸಿಸುವ ಮನೆಗಳಿಗಿಂತ ಯಂತ್ರಗಳನ್ನಿರಿಸಿದ ಕಟ್ಟಡಗಳಿಗೇ ಹೆಚ್ಚು ವಿದ್ಯುತ್ ಹರಿಯಿತೆಂದರೆ ಇದನ್ನು ಅಭಿವೃದ್ಧಿಯೆಂದು ಕರೆಯಬೇಕೇ? (ನಾವು ದಿನನಿತ್ಯ ಕಳುಹಿಸುವ ಚಿತ್ರಗಳೂ ಇಂತಹ ಕಟ್ಟಡಗಳಲ್ಲೇ ಶೇಖರವಾಗುತ್ತವೆ ಎಂಬುದನ್ನೂ ಒಪ್ಪಿಕೊಳ್ಳೋಣ.) ಇವುಗಳಿಗೆ ಹಗಲಿರುಳೆನ್ನದೆ ವಿದ್ಯುತ್ ಬೇಕು, ಯಂತ್ರಗಳನ್ನು ತಂಪಾಗಿಡಲು ಮತ್ತಷ್ಟು ಬೇಕು. ಡಬ್ಲಿನ್ ಸುತ್ತಮುತ್ತ ವಿದ್ಯುತ್ ಜಾಲವು ಹೊರೆ ತಾಳದಾದಾಗ, 2021ರಲ್ಲಿ ನಿಯಂತ್ರಣ ಆಯೋಗವು ಎಚ್ಚೆತ್ತಿತು. ಸಂಪರ್ಕ ನೀಡುವ ಮುನ್ನ ಕಂಪೆನಿಗೆ ಸ್ವಂತ ಉತ್ಪಾದನೆಯ ಸಾಮರ್ಥ್ಯವಿದೆಯೇ ಎಂದು ಪರಿಶೀಲಿಸಲು ಸೂಚಿಸಿತು. ಕೆಂಪು ಹಾಸು ಹಾಸಿ ಕಂಪೆನಿಗಳನ್ನು ಸ್ವಾಗತಿಸಿದ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು.