ಪೇಟಿಯ ಗಾಂಧಾರ, ಕಂಪ್ಯೂಟರಿನ ಮೌನ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಲಿನ ಊರುಗಳಲ್ಲಿ ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಪ್ರವಚನಕಾರರ ಪಕ್ಕದಲ್ಲಿ ಒಬ್ಬ ಗವಾಯಿ, ಒಂದು ಪೇಟಿ (ಹಾರ್ಮೋನಿಯಂ), ಒಂದು ಜೋಡಿ ತಬಲಾ ಇರಲೇಬೇಕು. ಆ ಗವಾಯಿಗಳಲ್ಲಿ ಎಷ್ಟೋ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಸಿಂಧನೂರು ತಾಲ್ಲೂಕಿನ ಅಂಬಾಮಠದ ಚಿದಾನಂದಾವಧೂತರ ದೇವೀ ಮಹಾತ್ಮೆಯನ್ನು ನವರಾತ್ರಿಯಲ್ಲಿ ಓದಿಸುವಲ್ಲಿ, ಏಕತಾರಿ ಹಿಡಿದು ತತ್ವಪದ ಹಾಡುವ ಭಜನಾ ಮೇಳಗಳಲ್ಲಿ, ಪುನರ್ವಸತಿಯ ಆರ್.ಎಚ್. ಕ್ಯಾಂಪ್‌ಗಳ ಬಂಗಾಳಿ ಕುಟುಂಬಗಳ ಕೀರ್ತನೆಯಲ್ಲಿ ಕೂಡ ಪೇಟಿ ಇದ್ದೇ ಇದೆ. ಈಚೆಗೆ ರಸಮಂಜರಿಯವರ ದೆಸೆಯಿಂದ ಅದರ ಜಾಗದಲ್ಲಿ ಕೀಬೋರ್ಡ್ ಬಂದು ಕೂತಿದೆ. ಎರಡರಲ್ಲೂ ಸಪ್ತಕಕ್ಕೆ ಹನ್ನೆರಡೇ ಮನೆ. ಹಾಡುವ ಗಂಟಲು ಮಾತ್ರ ಆ ಹನ್ನೆರಡರ ನಡುವೆಯೂ ನಿಲ್ಲುತ್ತದೆ. ಈ ನಡುವಿನ ಸ್ವರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ನುಡಿಸಲು ತಂತ್ರಾಂಶಗಳಿವೆ. ನೆದರ್ಲೆಂಡ್ಸ್‌ನ ಮ್ಯಾನುಯೆಲ್ ಓಪ್ ಡೆ ಕೌಲ್ ಬರೆದ ‘ಸ್ಕಾಲಾ’ ಅವುಗಳಲ್ಲಿ ಹೆಸರಾದದ್ದು, ದುಡ್ಡು ಕೇಳದ್ದು. ಲೋಕದ ನಾನಾ ಕಡೆಯ 5,000ಕ್ಕೂ ಹೆಚ್ಚು ಸ್ವರಶ್ರೇಣಿಗಳ ಭಂಡಾರವೇ ಅದಕ್ಕಿದೆ. ಆದರೆ ಅದನ್ನು ಹಾಕಿಕೊಂಡವರ ಮೊದಲ ದೂರು ಶ್ರುತಿಯ ಬಗ್ಗೆ ಇರುವುದಿಲ್ಲ. ಒತ್ತಿದರೆ ದನಿಯೇ ಬರುವುದಿಲ್ಲ ಎಂಬುದೇ ದೂರು. ಇದನ್ನು ಬಳಸುವವನ ಅರೆಬರೆ ತಿಳಿವಳಿಕೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಶ್ರುತಿಯನ್ನು ಲೆಕ್ಕ ಹಾಕುವುದು ನೂರು ವರ್ಷದ ಹಿಂದೆಯೇ ಮುಗಿದ ಕೆಲಸ. ಲೆಕ್ಕ ಹಾಕಿದ್ದನ್ನು ನುಡಿಸುವ ಹಾದಿಯಲ್ಲಿ ಎಲ್ಲೋ ಒಂದು ಕಡೆ ಹನ್ನೆರಡು ಮನೆಯ ಕಟ್ಟಳೆ ಅಡ್ಡ ಬಂದು ನಿಲ್ಲುತ್ತದೆ. ಕಂಪ್ಯೂಟರಿನ ಮೌನದ ಜಾಡು ಹಿಡಿದು ಹೋದರೆ ಆ ಕಟ್ಟಳೆ ಎಲ್ಲಿ ನಿಂತಿದೆ ಎಂಬುದು ಕಾಣುತ್ತದೆ.

ಅಂತರ ಎಷ್ಟು ದೊಡ್ಡದು ಎಂಬುದನ್ನು ಒಂದೇ ಸ್ವರದಲ್ಲಿ ನೋಡಬಹುದು. ಷಡ್ಜ ಸೆಕೆಂಡಿಗೆ 240 ಕಂಪನದ್ದಾದರೆ, ಅದಕ್ಕೆ 5/4ರ ಪ್ರಮಾಣದಲ್ಲಿ ಕೂಡುವ ಶುದ್ಧ ಗಾಂಧಾರ 300 ಕಂಪನದ್ದು. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪೇಟಿಯ ಗಾಂಧಾರ ಸುಮಾರು 302.4. ಎರಡು ಚಿಲ್ಲರೆ ಕಂಪನ ಏನು ಮಹಾ ಎನ್ನಬಹುದು. ತಂಬೂರಿಯ ತಂತಿಯಲ್ಲಿ ಷಡ್ಜದ ಐದು ಪಟ್ಟಿನ ನಾದವೂ, ಅಂದರೆ 1,200ರದ್ದೂ, ಕೇಳುತ್ತಿರುತ್ತದೆ. ಪೇಟಿಯ ಗಾಂಧಾರದ ನಾಲ್ಕು ಪಟ್ಟು 1,209.5ಕ್ಕೆ ಬಂದು ನಿಲ್ಲುತ್ತದೆ. ಇವೆರಡೂ ಒಂದಕ್ಕೊಂದು ತಾಗಿ ಸೆಕೆಂಡಿಗೆ ಒಂಬತ್ತು ಹತ್ತು ಬಾರಿ ದನಿ ಅದುರುತ್ತದೆ. ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಬಳಕೆಗೆ ತಂದ ಸೆಂಟ್ ಲೆಕ್ಕದಲ್ಲಿ, ಒಂದು ಸಪ್ತಕಕ್ಕೆ 1,200 ಸೆಂಟ್, ಒಂದು ಮನೆಗೆ ನೂರು. ಶುದ್ಧ ಗಾಂಧಾರ 386.3ರಲ್ಲಿ, ಪೇಟಿಯದು 400ರಲ್ಲಿ. ಹದಿನಾಲ್ಕು ಸೆಂಟ್ ಹತ್ತಿರ ಏರಿಕೆ. ಗಂಟಲು ತಂಬೂರಿಯ ಕಡೆ ಎಳೆಯುತ್ತದೆ, ಪೇಟಿ ತನ್ನ ಕಡೆ.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಬಗ್ಗೆ ತಮ್ಮ ಪುಸ್ತಕವನ್ನು 1910ರಲ್ಲೇ ತಂದರು. ಅವರ ಪ್ರಯೋಗಗಳಿಗೆ ದನಿ ಕೊಟ್ಟವರು ಅಬ್ದುಲ್ ಕರೀಂ ಖಾನರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಐಸಿಎಸ್ ಅಧಿಕಾರಿ ಇ. ಕ್ಲೆಮೆಂಟ್ಸ್ ಜೊತೆಗೂಡಿದ ಮೇಲೆ ಆ ಲೆಕ್ಕಕ್ಕೆ ತಕ್ಕ ಶ್ರುತಿ ಹಾರ್ಮೋನಿಯಂ ಕೂಡ ತಯಾರಾಯಿತು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದು ಚರ್ಚೆಗೆ ಬಂತು. ಹಾಡುವವರ ಒಪ್ಪಿಗೆ ಸಿಗಲಿಲ್ಲ. ಕಾಗದದ ಮೇಲೆ ಒಪ್ಪಿದ ಸ್ವರ ಪೇಟಿಯ ರೀಡಿನಲ್ಲಿ ಕೂತಾಗ ಒಪ್ಪಲಿಲ್ಲ. ಮುಂದೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ತನ್ನ ಸ್ಟುಡಿಯೋದಿಂದ ಹೊರಗಿಟ್ಟಿತು, ಮೂರು ದಶಕ ಕಳೆದ ಮೇಲೆ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಊರೂರಿನ ಭಜನೆಯಲ್ಲಿ ಪೇಟಿ ಬೇರು ಬಿಟ್ಟಿತ್ತು. ರೇಡಿಯೋದ ನಿಷೇಧ ಮುದಗಲ್ಲಿಗಾಗಲಿ ಮಸ್ಕಿಗಾಗಲಿ ತಟ್ಟಿದ್ದು ಅಷ್ಟಕ್ಕಷ್ಟೇ.

ಈಗ ಕಂಪ್ಯೂಟರಿಗೆ ಬರೋಣ. ಸ್ಕಾಲಾದಂಥ ತಂತ್ರಾಂಶ ತಾನು ದನಿ ಮಾಡುವುದಿಲ್ಲ. ಯಾವ ಮನೆ ಒತ್ತಿದರು, ಎಷ್ಟು ಬಿರುಸಾಗಿ ಒತ್ತಿದರು ಎಂಬ ಚೀಟಿಯನ್ನು ‘ಮಿಡಿ’ ಎಂಬ 1983ರ ಕಟ್ಟಳೆಯಲ್ಲಿ ಬರೆದು ಬೇರೊಬ್ಬರಿಗೆ ಕಳಿಸುತ್ತದೆ. ಆ ಬೇರೊಬ್ಬರು ಒಂದು ಕೀಬೋರ್ಡ್ ಆಗಿರಬಹುದು, ಇಲ್ಲವೇ ಕಂಪ್ಯೂಟರಿನೊಳಗೇ ದನಿ ಹುಟ್ಟಿಸುವ ಇನ್ನೊಂದು ತಂತ್ರಾಂಶ. ವಿಂಡೋಸ್‌ನಲ್ಲಿ ಅಂಥದ್ದೊಂದು ಮೊದಲೇ ಇರುತ್ತದೆ, ಆದರೂ ಪಟ್ಟಿಯಿಂದ ಆರಿಸಿಕೊಡಬೇಕಾಗಬಹುದು. ಲಿನಕ್ಸ್‌ನಲ್ಲಿ ಫ್ಲೂಯಿಡ್‌ಸಿಂತ್‌ನಂಥದ್ದನ್ನು ಹಾಕಿ, ಅದಕ್ಕೊಂದು ಸೌಂಡ್‌ಫಾಂಟ್ (ವಾದ್ಯಗಳ ದನಿಯ ಕಡತ) ಕೊಟ್ಟು, ಎರಡಕ್ಕೂ ಕೊಂಡಿ ಹಾಕಬೇಕು. ಕೊಂಡಿ ತಪ್ಪಿದರೆ ಚೀಟಿ ಹೋಗುತ್ತದೆ, ತೆಗೆದುಕೊಳ್ಳುವವರಿಲ್ಲ. ಇದು ಮೌನದ ಮೊದಲ ಕಾರಣ, ಬಹಳ ಸಲ ಕೊನೆಯದ್ದೂ ಇದೇ. ಇನ್ನೊಂದು ಕಾರಣ ಸ್ವರಶ್ರೇಣಿಯ ಕಡತದಲ್ಲೇ ಅಡಗಿರಬಹುದು. ಸ್ಕಾಲಾ ಕಡತ ಸಾದಾ ಅಕ್ಷರದ್ದು: ಮೊದಲು ವಿವರದ ಸಾಲು, ಆಮೇಲೆ ಸ್ವರಗಳ ಸಂಖ್ಯೆ, ಆಮೇಲೆ ಸಾಲಿಗೊಂದರಂತೆ ಸ್ವರ. ಅಂಕಿಯಲ್ಲಿ ಚುಕ್ಕೆ ಇದ್ದರೆ ಅದು ಸೆಂಟ್, ಇಲ್ಲದಿದ್ದರೆ ಪ್ರಮಾಣ. 386.0 ಎಂದು ಬರೆದರೆ ಗಾಂಧಾರ. ಚುಕ್ಕೆ ಬಿಟ್ಟು 386 ಎಂದು ಬರೆದಿರೋ, ಷಡ್ಜದ 386 ಪಟ್ಟು ಎಂದರ್ಥ. 240ರ ಷಡ್ಜಕ್ಕೆ ಅದು 92,640 ಕಂಪನ. ಮನುಷ್ಯನ ಕಿವಿ 20,000ದ ಆಚೆ ಕೇಳದು, ಮಿಡಿಯ ಅತಿ ಮೇಲಿನ ಮನೆಯೂ 12,543ಕ್ಕೆ ಮುಗಿಯುತ್ತದೆ. ಒಂದು ಚುಕ್ಕೆಗೆ ಗಾಂಧಾರ ಬಾವಲಿಗಳ ಪಾಲಾಯಿತು.

ದನಿ ಬಂದ ಮೇಲಿನ ತೊಂದರೆ ಇನ್ನೂ ಸೂಕ್ಷ್ಮವಾದದ್ದು, ಹನ್ನೆರಡು ಮನೆಯ ಕಟ್ಟಳೆ ನಿಜವಾಗಿ ಕೂತಿರುವುದು ಅಲ್ಲೇ. ಮಿಡಿ ಚೀಟಿಯಲ್ಲಿ 0ಯಿಂದ 127ರ ವರೆಗೆ ಮನೆಗಳಿಗೆ ಮಾತ್ರ ಜಾಗ. ಎರಡು ಮನೆಗಳ ನಡುವೆ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ತಂತ್ರಾಂಶ ಒಂದು ಅಡ್ಡದಾರಿ ಹಿಡಿಯುತ್ತದೆ: ಪೇಟಿಯ ಗಾಂಧಾರವನ್ನೇ ಒತ್ತಿ, ಜೊತೆಗೆ ಸ್ವಲ್ಪ ಬಾಗಿಸು ಎಂದು ಇನ್ನೊಂದು ಚೀಟಿ ಕಳಿಸುತ್ತದೆ. ಬಾಗಿಸುವ ಅಳತೆಯಲ್ಲಿ 16,384 ಹೆಜ್ಜೆಗಳಿವೆ, ನಟ್ಟನಡುವಿನದು 8,192. ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ ಎಂಬ ರೂಢಿಯ ವ್ಯಾಪ್ತಿಯಲ್ಲಿ 13.7 ಸೆಂಟ್ ಇಳಿಸಲು 7,631 ಎಂದು ಬರೆದರಾಯಿತು. ಆದರೆ ದನಿ ಮಾಡುವವನು ತನ್ನ ವ್ಯಾಪ್ತಿಯನ್ನು ಹನ್ನೆರಡು ಮನೆ ಎಂದು ಇಟ್ಟುಕೊಂಡಿದ್ದರೆ ಅದೇ ಅಂಕಿಗೆ ಸ್ವರ 82 ಸೆಂಟ್ ಇಳಿಯುತ್ತದೆ. ಶುದ್ಧ ಗಾಂಧಾರ ಹೋಗಿ ಕೋಮಲ ಗಾಂಧಾರದ ಮೇಲೆ ಕೂರುತ್ತದೆ. ಬಿಲಾವಲ್ ರಾಗ ಹಾಡಲು ಹೊರಟವನಿಗೆ ಕಾಫಿ ರಾಗ ಕೇಳಿಸುತ್ತದೆ. ಅಲ್ಲದೆ, ಬಾಗಿಸಿದರೆ ಒಂದು ಚಾನೆಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. ಒಂದೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಡಬೇಕು. ಇರುವುದು ಹದಿನಾರು, ಅದರಲ್ಲಿ ಹತ್ತನೆಯದು ರೂಢಿಯಂತೆ ತಾಳವಾದ್ಯಕ್ಕೆ ಮೀಸಲು. ಸ್ವರದ ಶ್ರುತಿಯನ್ನೇ ನೇರವಾಗಿ ಹೇಳುವ ಕಟ್ಟಳೆಯೊಂದು 1992ರಲ್ಲಿ ಬಂತು. ಬಹಳಷ್ಟು ವಾದ್ಯಗಳು ಅದಕ್ಕೆ ಕಿವಿಗೊಡಲೇ ಇಲ್ಲ.

ಇಷ್ಟೆಲ್ಲ ಪಾಡು ಯಾಕೆ, ಪೇಟಿ ನೂರು ವರ್ಷ ನಡೆಸಿಕೊಂಡು ಬಂದಿಲ್ಲವೇ ಎಂಬ ಆಕ್ಷೇಪ ಸಹಜ. ಗದಗಿನ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಂಥವರ ಕೈಯಲ್ಲಿ ಪೇಟಿಯೇನೂ ಅಪಶ್ರುತಿಯಾಗಲಿಲ್ಲ. ರಾಯಚೂರು ಸೀಮೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ವಚನ ಹಾಡಿದಾಗ ಕೇಳಿದವರು ಸೆಂಟ್ ಎಣಿಸಲಿಲ್ಲ. ಒಪ್ಪಿದೆ. ಆದರೆ ಬಲ್ಲ ಪೇಟಿ ಮಾಸ್ತರ ಏನು ಮಾಡುತ್ತಾನೆ ಎಂಬುದನ್ನು ಗಮನಿಸಬೇಕು. ಗವಾಯಿ ಗಾಂಧಾರದ ಮೇಲೆ ನಿಂತಾಗ ಅವನು ಆ ಮನೆಯನ್ನು ಒತ್ತಿ ಹಿಡಿಯುವುದಿಲ್ಲ. ಮುಟ್ಟಿ ಬಿಡುತ್ತಾನೆ, ಷಡ್ಜ ಪಂಚಮಗಳಲ್ಲಿ ಗಾಳಿ ತುಂಬುತ್ತಾನೆ. ಪೇಟಿಯ ತಪ್ಪನ್ನು ಅವನ ಕೈ ಮುಚ್ಚುತ್ತದೆ. ಹಾಡು ಶುರುವಾದಾಗಿನಿಂದ ಕೊನೆಯ ತನಕ ಮೂರು ಸ್ವರ ಕೂಡಿಸಿ ಹಿಡಿದೇ ಇರುವ ರಸಮಂಜರಿ ಕೀಬೋರ್ಡಿಗೆ ಆ ಸಂಕೋಚವಿಲ್ಲ. ತಂಬೂರಿಯಿಲ್ಲದ ಭಜನೆಯಲ್ಲಿ ಪೇಟಿಯೇ ಶ್ರುತಿಗೂ ಆಧಾರವಾದರೆ, ಕಲಿಯುವ ಮಕ್ಕಳ ಗಂಟಲು ನಿಧಾನವಾಗಿ 400ಕ್ಕೆ ಒಗ್ಗುತ್ತದೆ. ಒಗ್ಗಿದರೆ ತಪ್ಪೇನು ಎಂದು ಕೇಳುವವರೂ ಇದ್ದಾರೆ. ತಪ್ಪು ಎಂದು ನಾನು ಹೇಳುತ್ತಿಲ್ಲ; ಬೇರೆ ಗಾಂಧಾರವೂ ಒಂದಿದೆ ಎಂದು ಕೇಳಿಸಿಕೊಳ್ಳುವ ಅವಕಾಶವಾದರೂ ಇರಬೇಕು.

ಹಾಗಿದ್ದರೆ ಪೇಟಿಯ ರೀಡನ್ನೇ ಕೆರೆದು ಸರಿಮಾಡಬಹುದಲ್ಲ? ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಪೇಟಿ ರಿಪೇರಿ ಮಾಡುವವರಿಗೆ ಇದು ದಿನದ ಕೆಲಸ. ಬಿಳಿ ಒಂದನ್ನು, ಅಂದರೆ ಸಪ್ತಕದ ಮೊದಲ ಬಿಳಿ ಮನೆಯನ್ನು, ಷಡ್ಜ ಮಾಡಿ ಚೊಕ್ಕಟವಾಗಿ ಕೂಡಿಸಿದ ಪೇಟಿ ಬಿಳಿ ಒಂದರಲ್ಲಿ ಹಾಡುವವರಿಗೆ ಹಬ್ಬ. ಮುಂದಿನ ಗಾಯಕಿ ಬಿಳಿ ಎರಡರಿಂದ ಎತ್ತಿಕೊಂಡರೆ ಅದೇ ಪೇಟಿಯಲ್ಲಿ ಅವರ ಪಂಚಮ 702 ಸೆಂಟಿನ ಬದಲು 680ಕ್ಕೆ ಬಂದು ಬೀಳುತ್ತದೆ, ಕೇಳಲಾಗದು. ಸಮಪಾಲಿನ ಪೇಟಿ ಗೆದ್ದಿದ್ದು ಇದೇ ಕಾರಣಕ್ಕೆ: ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪಾಗಿ, ಯಾರಿಗೂ ಪೂರಾ ಕೈಕೊಡದೆ. ಕಂಪ್ಯೂಟರಿಗೆ ಈ ಕಟ್ಟಿಲ್ಲ. ಷಡ್ಜ ಎಲ್ಲಿಗೆ ಹೋದರೂ ಇಡೀ ಶ್ರೇಣಿ ಅದರ ಹಿಂದೆ ಹೋಗುತ್ತದೆ. ದೇವಲರಿಗೆ ಸಿಗದಿದ್ದ ಅನುಕೂಲ ಇದು, ತಂತ್ರಾಂಶದ ಪರವಾಗಿ ನನಗೆ ಕಾಣುವ ಗಟ್ಟಿಯಾದ ವಾದವೂ ಇದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ನಮ್ಮ ಸ್ವರ ಒಂದು ಚುಕ್ಕೆಯಲ್ಲ, ಅದು ಚಲಿಸುವಂಥದ್ದು; ಅದಕ್ಕೆ ಕೋಷ್ಟಕ ಬರೆಯುವುದೇ ತಪ್ಪು ಎಂಬುದು. ನಜೀರ್ ಜೈರಾಜ್‌ಭಾಯ್ ಮತ್ತು ಸ್ಟೋನ್ 1963ರಲ್ಲಿ ಹಿಂದುಸ್ತಾನಿ ಸಂಗೀತದ ಸ್ವರಗಳನ್ನು ಯಂತ್ರದಿಂದ ಅಳೆದಾಗ, ಸ್ವರಸ್ಥಾನಗಳು ಶಾಸ್ತ್ರದ ಕೋಷ್ಟಕಕ್ಕೆ ಕಟ್ಟುಬೀಳದೆ ಹೆಚ್ಚುಕಡಿಮೆಯಾಗುವುದು ಕಂಡಿತು. ನಮ್ಮ ಸೀಮೆಯಲ್ಲಂತೂ ಇದಕ್ಕೆ ಯಂತ್ರವೂ ಬೇಡ. ಹುಲಿಗೆಮ್ಮನ, ಯಲ್ಲಮ್ಮನ ಜೋಗತಿಯರ ಚೌಡಕಿ ಕೇಳಿದರೆ ಸಾಕು: ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ, ಅದನ್ನು ಬಿಗಿ ಮಾಡುತ್ತ ಸಡಿಲ ಬಿಡುತ್ತ ಮೀಟಿದರೆ ಸ್ವರ ಜಾರುತ್ತಲೇ ಇರುತ್ತದೆ, ಮನೆಯೇ ಇಲ್ಲ. ಮುದಗಲ್ಲಿನ ಮೊಹರಂನಲ್ಲಿ ರಿವಾಯತ್ ಹಾಡುವವರು ದನಿಗೆ ದನಿ ಕೂಡಿಸಿ ಸಾಗುವಾಗ ಅವರಿಗೆ ಪೇಟಿಯ ಗೊಡವೆಯೇ ಇಲ್ಲ. ಇಂಥ ಹಾಡಿಗೆ ಇಪ್ಪತ್ತೆರಡು ಶ್ರುತಿಯ ಕಡತ ಹಚ್ಚುವುದು ಹನ್ನೆರಡು ಮನೆಯ ಬದಲು ಇಪ್ಪತ್ತೆರಡು ಮನೆಯ ಪಂಜರ ತಂದಂತೆಯೇ ಸರಿ. ಆಕ್ಷೇಪವನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಒಪ್ಪದ ಕಾಲು ಪಾಲು ಇದು: ಗಮಕವೂ ಎಲ್ಲಿಂದಲೋ ಹೊರಟು ಎಲ್ಲಿಗೋ ಬಂದು ಒರಗುತ್ತದೆ, ಒರಗುವ ಆ ಜಾಗ ಆಧಾರಶ್ರುತಿಯೊಂದಿಗೆ ಕೂಡಬೇಕು. ಕೋಷ್ಟಕದ ಕೆಲಸ ಅಷ್ಟಕ್ಕೇ ನಿಲ್ಲಲಿ. ಚೌಡಕಿಯನ್ನು ಕೀಬೋರ್ಡಿನಲ್ಲಿ ನುಡಿಸಲು ಹೋಗಬಾರದು. ಅದನ್ನು ಧ್ವನಿಮುದ್ರಿಸಿ, ಜಾರುವ ಸ್ವರ ಎಲ್ಲೆಲ್ಲಿ ತಂಗಿತು ಎಂದು ಅಳೆಯಬಹುದು.

ದನಿ ಹೊರಡಿಸುವ ಗೋಳಿಗೂ ಪರಿಹಾರ ನಮ್ಮಲ್ಲೇ ಕಂಡಿದ್ದೇವೆ. ಬೆಂಗಳೂರಿನ ಜಿ. ರಾಜ್‌ನಾರಾಯಣ್ 1979ರಲ್ಲಿ ಇಲೆಕ್ಟ್ರಾನಿಕ್ ತಂಬೂರಿ ಮಾಡಿದಾಗ ಶ್ರುತಿಯ ಲೆಕ್ಕವನ್ನೂ ದನಿಯ ಹುಟ್ಟನ್ನೂ ಒಂದೇ ಡಬ್ಬಿಯಲ್ಲಿಟ್ಟರು. ಗುಂಡಿ ತಿರುಗಿಸಿ ಕಿವಿಗೆ ಕೂಡುವ ತನಕ ಹೊಂದಿಸಿಕೊಳ್ಳಬಹುದು. ಯಾವ ಸಾಧನಕ್ಕೆ ಕಳಿಸಲಿ ಎಂದು ಅದು ಯಾರನ್ನೂ ಕೇಳುವುದಿಲ್ಲ. ಅದಕ್ಕೇ ಮನೆ ಮನೆಗೆ ಹೋಯಿತು. ಈಗ ಸರ್ಜ್ ಎಕ್ಸ್‌ಟಿಯಂಥ ಬಿಟ್ಟಿ ತಂತ್ರಾಂಶ ಸ್ಕಾಲಾ ಕಡತವನ್ನು ಓದಿಕೊಂಡು ತಾನೇ ದನಿ ಹೊರಡಿಸುತ್ತದೆ, ನಡುವೆ ಬಾಗಿಸುವ ಚೀಟಿಗಳ ಓಡಾಟ ಬೇಕಿಲ್ಲ. ಕಂಪ್ಯೂಟರ್ ಇಲ್ಲದ ಮೇಳಕ್ಕೆ ಅಷ್ಟೂ ಬೇಡ. ಹಲವು ಕೀಬೋರ್ಡ್‌ಗಳ ಮೆನುವಿನಲ್ಲಿ ‘ಸ್ಕೇಲ್ ಟ್ಯೂನ್’ ಎಂಬುದೊಂದಿದೆ. ಹನ್ನೆರಡು ಮನೆಗೂ ಸೊನ್ನೆ ಇಟ್ಟುಕೊಂಡು, ಯಾರೂ ತೆರೆಯದೆ ಬಿದ್ದಿರುತ್ತದೆ. ಷಡ್ಜವನ್ನು ಸೊನ್ನೆಯಲ್ಲೇ ಬಿಟ್ಟು, ರಿಷಭಕ್ಕೆ 4 ಏರಿಸಿ, ಗಾಂಧಾರಕ್ಕೆ 14 ಇಳಿಸಿ, ಮಧ್ಯಮಕ್ಕೆ 2 ಇಳಿಸಿ, ಪಂಚಮಕ್ಕೆ 2 ಏರಿಸಿ, ನಿಷಾದಕ್ಕೆ 12 ಇಳಿಸಿದರೆ ಬಿಲಾವಲ್ ಬಹುಪಾಲು ಕೂಡಿತು. ಉಳಿದದ್ದು ಧೈವತ. ಗಾಂಧಾರದ ಜೊತೆ ಹೊಂದಬೇಕೆಂದರೆ 16 ಇಳಿಸಬೇಕು, ರಿಷಭದ ಜೊತೆ ಹೊಂದಬೇಕೆಂದರೆ 6 ಏರಿಸಬೇಕು. ಎರಡಕ್ಕೂ ಒಂದೇ ಸಲಕ್ಕೆ ಸರಿಹೋಗುವ ಧೈವತ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಅದನ್ನು ಗವಾಯಿಯೂ ಪೇಟಿ ಮಾಸ್ತರನೂ ತಂಬೂರಿ ಹಚ್ಚಿಕೊಂಡು ಕೂತು, ಎರಡನ್ನೂ ನುಡಿಸಿ ಕೇಳಿ, ಹಾಡುವ ರಾಗ ನೋಡಿ ತೀರ್ಮಾನಿಸಿಕೊಳ್ಳಬೇಕು.