ದೆವ್ವಕ್ಕಿಂತ ಲಿಂಕು ಭಯಂಕರ

ಮೊನ್ನೆ ಹತ್ತನೆಯ ತರಗತಿಗೆ ವಕ್ರೀಭವನದ ಪಾಠ ಮುಗಿಸಿ ಹೊರಬಂದರೆ, ಈಗ ಪಿಯುಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ. ಪೊಲೀಸ್ ಅಧಿಕಾರಿಯೇ ದೆವ್ವದ ಬೆನ್ನು ಹತ್ತುವ 'ಡೆಲಿವರ್ ಅಸ್ ಫ್ರಮ್ ಈವಿಲ್' ಎಂಬ ಇಂಗ್ಲಿಷ್ ಚಿತ್ರವನ್ನು ಅವನು ಆನ್‌ಲೈನಿನಲ್ಲಿ ಹುಡುಕಿದ್ದನಂತೆ. ಪುಕ್ಕಟೆ ತೋರಿಸುತ್ತೇವೆನ್ನುವ ಲಿಂಕ್ ಒತ್ತಿದರೆ, ಮೊದಲು ಒಂದು ಆ್ಯಪ್ ಹಾಕಿಕೊಳ್ಳಿ ಎಂದಿತು. ಹಾಕಿಕೊಂಡ. ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು! ಮೊಬೈಲು ಅಪ್ಪನದು. ಡೈರಿಗೆ ಹಾಕಿದ ಹಾಲಿನ ದುಡ್ಡು ಬೀಳುವ ಖಾತೆಗೂ ಅದೇ ನಂಬರು.

ಸಿನಿಮಾ ನೋಡಲು ಕಣ್ಣು, ಕಿವಿ ಸಾಕು. ನಮ್ಮ ಎಸ್ಸೆಮ್ಮೆಸ್ ಅವರಿಗೇಕೆ? ಬ್ಯಾಂಕಿನ ಓಟಿಪಿ ಬರುವುದು ಅಲ್ಲಿಗೇ. ಅನುಮತಿ ಸಿಕ್ಕ ಆ್ಯಪ್ ಅದನ್ನು ಓದಿ ಕಳ್ಳರಿಗೆ ಕಳಿಸಬಲ್ಲದು. ಪುಣ್ಯಕ್ಕೆ ಹುಡುಗ ಅನುಮತಿ ಕೊಟ್ಟಿರಲಿಲ್ಲ. ಆ್ಯಪ್ ತೆಗೆಸಿದೆ. ಒಂದು ವೇಳೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಹಾಗಾದರೆ ಹುಡುಕುವುದು ಹೇಗೆ? ಬರೀ ಹೆಸರು ಸಾಲದು. ಇದೇ ಹೆಸರಿನಲ್ಲಿ 2006ರ ಸಾಕ್ಷ್ಯಚಿತ್ರವೊಂದಿದೆ, 2020ರ ಕೊರಿಯನ್ ಚಿತ್ರವೂ ಇದೆ. ಹುಡುಗ ಕೇಳಿದ್ದು 2014ರದ್ದು. ನಿರ್ದೇಶಕ ಸ್ಕಾಟ್ ಡೆರಿಕ್ಸನ್, ನಟ ಎರಿಕ್ ಬಾನಾ. ಆಮೇಲೆ 'ಜಸ್ಟ್‌ವಾಚ್' ತಾಣದಲ್ಲಿ ಭಾರತವನ್ನು ಆರಿಸಿಕೊಂಡು ನೋಡಿ. ಯಾವ ಚಿತ್ರ ಯಾವ ಒಟಿಟಿಯಲ್ಲಿದೆ, ಬಾಡಿಗೆಗೆ ಸಿಗುತ್ತದೆಯೇ ಎಂದು ತೋರಿಸುತ್ತದೆ. ಚಿತ್ರದ ಹಕ್ಕನ್ನು ದೇಶಕ್ಕಿಷ್ಟು, ಅವಧಿಗಿಷ್ಟು ಎಂದು ಮಾರುತ್ತಾರೆ. ಆದ್ದರಿಂದ ಅಮೆರಿಕದಲ್ಲಿ ಇರುವುದು ಇಲ್ಲಿ ಇರದಿರಬಹುದು. ಹೋದ ತಿಂಗಳು ಇದ್ದದ್ದು ಈ ತಿಂಗಳು ಮಾಯವಾಗಬಹುದು. ಸಿಗದಿದ್ದರೆ ಕಾಯುವುದೇ ಸರಿ.

ವಯಸ್ಸನ್ನೂ ನೋಡಿ. ಅಮೆರಿಕದಲ್ಲಿ ಇದಕ್ಕೆ 'ಆರ್' ದರ್ಜೆ. ಅಂದರೆ ಹದಿನೇಳರೊಳಗಿನವರು ಥಿಯೇಟರಿಗೆ ಹೋಗಬೇಕಾದರೆ ಹಿರಿಯರು ಜೊತೆಗಿರಬೇಕು. ನಮ್ಮಲ್ಲಿ 2021ರ ನಿಯಮದಂತೆ ಒಟಿಟಿಗಳು ವಯೋಮಿತಿಯನ್ನು ತೋರಿಸಲೇಬೇಕು. 'ಎ' ಎಂದಿದ್ದರೆ ಅದು ಹದಿನೆಂಟು ತುಂಬಿದವರಿಗೆ ಮಾತ್ರ.

"ನಿಜವಾಗಿ ನಡೆದದ್ದಂತೆ ಸಾರ್!" ಎಂದ ಹುಡುಗ. ನ್ಯೂಯಾರ್ಕಿನಲ್ಲಿ ಪೊಲೀಸ್ ಸಾರ್ಜೆಂಟ್ ಆಗಿದ್ದ ರಾಲ್ಫ್ ಸಾರ್ಚಿ, ಸಹಲೇಖಕಿಯೊಬ್ಬರೊಡನೆ 2001ರಲ್ಲಿ ತಂದ ಪುಸ್ತಕ ಈ ಚಿತ್ರಕ್ಕೆ ಪ್ರೇರಣೆ. ಸಾರ್ಚಿ ನಿಜವಾದ ವ್ಯಕ್ತಿಯೇ. ಆದರೆ ಒಬ್ಬರು ಕಂಡೆನೆಂದು ಹೇಳಿದ್ದನ್ನು ಬೇರೆಯವರು ಪರೀಕ್ಷಿಸಿ ನೋಡುವವರೆಗೆ ವಿಜ್ಞಾನ ಒಪ್ಪುವುದಿಲ್ಲ. "ಪುಕ್ಕಟೆ ಎಂದ ಲಿಂಕಿಗೂ ನೀನು ಇದೇ ಪರೀಕ್ಷೆ ಮಾಡಬೇಕಿತ್ತು" ಎಂದೆ.

"ಅಪ್ಪನಿಗೆ ಹೇಳಿದೆಯಾ?" ಎಂದು ಕೇಳಿದೆ. "ಅದಕ್ಕೇ ಸಾರ್ ಭಯ" ಎಂದ.

ಪಾಲಕರೇ, ಮಕ್ಕಳು ದೆವ್ವಕ್ಕೆ ಹೆದರಿದರೆ ಒಂದು ರಾತ್ರಿ ನಿದ್ದೆ ಕೆಡುತ್ತದೆ, ಅಷ್ಟೆ. ತಪ್ಪು ಹೇಳಿಕೊಳ್ಳಲು ನಿಮಗೆ ಹೆದರಿದರೆ ಮಾತ್ರ ಕಳ್ಳನಿಗೆ ಸಮಯ ಸಿಗುತ್ತದೆ.